ಸಿಗ್ನಲ್ ಕಂಬದ ಹಸಿರು ವೈರು

ಚಿಂತಾಮಣಿಯ ಒಂದು ಸರ್ಕಲ್‌ನಲ್ಲಿ ಸಿಗ್ನಲ್ ಕಂಬದ ಬುಡದಲ್ಲಿ ಮರದ ಹಲಗೆ ಹಾಕಿ ಕೂತು ಹೂ ಮಾರುವ ಆಂಜಿನಮ್ಮನಿಗೆ ನಾಲ್ಕು ದಿನದಿಂದ ಬಲಗೈ ಜುಮ್ಮೆನ್ನುತ್ತಿತ್ತು. ಕಂಬಕ್ಕೆ ಒರಗಿದಾಗಲೆಲ್ಲ ಮೊಣಕೈವರೆಗೆ ಇರುವೆ ಹರಿದ ಹಾಗೆ. ಜಡಿಮಳೆ ಹಿಡಿದಿದೆ, ವಾತವೇ ಇರಬೇಕೆಂದು ಬೇವಿನೆಣ್ಣೆ ತಿಕ್ಕಿಕೊಂಡು ಸುಮ್ಮನಾದಳು.

ಐದನೆಯ ದಿನ ಹಳದಿ ಜಾಕೆಟ್ ತೊಟ್ಟ ಹುಡುಗಿಯೊಬ್ಬಳು ಬಂದು ಕಂಬದ ಸುತ್ತ ಬಗ್ಗಿ ನೋಡತೊಡಗಿದಳು. ಆಂಜಿನಮ್ಮ ಕಟ್ಟುತ್ತಿದ್ದ ಹೂವನ್ನು ಬುಟ್ಟಿಗೆ ಹಾಕಿ ಅವಳನ್ನೇ ನೋಡಿದಳು. ಹೋದ ವರ್ಷ ಇನ್ನೊಂದು ಸರ್ಕಲ್‌ಗೆ ಹೀಗೇ ಯಾರೋ ಬಂದು ನಗುನಗುತ್ತ ಅಳೆದು ಹೋಗಿದ್ದರು. ವಾರ ಕಳೆಯುವುದರೊಳಗೆ ಜೆಸಿಬಿ ಬಂದು ಬೀದಿ ಅಂಗಡಿಗಳನ್ನೆಲ್ಲ ಎತ್ತಿಹಾಕಿತ್ತು.

"ಯಾರಮ್ಮಣ್ಣಿ ನೀನು? ಏನ್ ಹುಡುಕ್ತಿದೀಯ?"

"ಲಾವಣ್ಯ ಅಂತ ಅಮ್ಮ. ಸಿಗ್ನಲ್ ಸೇಫಾಗಿದ್ಯಾ ಅಂತ ಚೆಕ್ ಮಾಡೋಳು. ಸ್ವಲ್ಪ ದೂರ ಕೂತ್ಕೊಳ್ಳಿ, ಕಂಬ ಮುಟ್ಟಬೇಡಿ."

ಆಂಜಿನಮ್ಮ ಪಕ್ಕದಲ್ಲಿ ಸೀಬೆಹಣ್ಣಿನ ಗಾಡಿ ಇಟ್ಟಿದ್ದ ಗಂಗುಲಪ್ಪನ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಇವತ್ತು ಸ್ವಲ್ಪ ದೂರ ಅಂತಾಳೆ. ನಾಳೆ ಊರಾಚೆಗೇ ಕಳಿಸ್ತಾಳೆ."

ಲಾವಣ್ಯ ಬೇಜಾರು ಮಾಡಿಕೊಳ್ಳಲಿಲ್ಲ. "ಮನೆಗೆ ಬರೋ ಅಷ್ಟೇ ಕರೆಂಟು ಇದ್ರೊಳಗೂ ಓಡಾಡ್ತದೆ ಅಮ್ಮ. ಅದಕ್ಕೇ ರೂಲ್ಸ್ ಇರೋದು. ಜಾಯಿಂಟಿಗೆ ನೀರು ಹೋಗ್ದಿರೋ ಡಬ್ಬಿ ಇರ್ಬೇಕು, ಮುಚ್ಚಳಕ್ಕೆ ಬೀಗ ಇರ್ಬೇಕು. ಕರೆಂಟು ಸೋರಿದ್ರೆ ತಾನಾಗೇ ಕಟ್ ಆಗೋ ಸ್ವಿಚ್ ಬೇಕು. ಸೋರಿದ್ದು ನಮ್ ಮೈಮೇಲೆ ಹರೀದೆ ನೆಲಕ್ಕಿಳಿಯೋಕೆ ಅರ್ಥಿಂಗ್ ವೈರು ಬೇಕೇಬೇಕು. ನಿಮ್ ಕೈಯೇನಾದ್ರೂ ಜುಮ್ ಅಂತಿತ್ತಾ?"

ಇವಳಿಗೆ ಹೇಗೆ ಗೊತ್ತಾಯಿತು? ಆಂಜಿನಮ್ಮನ ಅನುಮಾನ ಇನ್ನೂ ಹೆಚ್ಚಾಯಿತು.

"ಅದು ವಾತ," ಎಂದಳು ಬಿಗಿಯಾಗಿ.

ಕಂಬದ ಮುಚ್ಚಳ ಒಂದೇ ಸ್ಕ್ರೂವಿನಲ್ಲಿ ನೇತಾಡುತ್ತಿತ್ತು. ಒಳಗೆ ಜಾಯಿಂಟಿಗೆ ಬರೀ ಟೇಪು ಸುತ್ತಿದ್ದರು, ಅದೂ ನೆನೆದು ಬಿಟ್ಟುಕೊಂಡಿತ್ತು. ಲಾವಣ್ಯ ಮೀಟರಿನ ಒಂದು ಕಡ್ಡಿಯನ್ನು ಕಂಬಕ್ಕೂ ಇನ್ನೊಂದನ್ನು ಒದ್ದೆ ನೆಲಕ್ಕೂ ಇಟ್ಟಳು. ಅದು ತೊಂಬತ್ತು ವೋಲ್ಟ್ ಎಂದು ತೋರಿಸಿತು, ಒದ್ದೆ ಮೈಯವರ ಜೀವ ತೆಗೆಯಲು ಅಷ್ಟು ಸಾಕು.

"ನಿನ್ ಮಿಷನ್ನು ನಿನ್ ಮಾತೇ ಕೇಳ್ತದೆ. ಗಂಗುಲಪ್ಪ, ಎದುರಿನ ಹರಿಕೃಷ್ಣನ ಕರೆಂಟ್ ಸಾಮಾನಿನ ಅಂಗಡೀಲಿ ಟೆಸ್ಟರ್ ಇಸ್ಕೊಂಬಾರಪ್ಪ, ನೋಡೇಬಿಡಣ."

ಗಂಗುಲಪ್ಪ ತಂದ ಟೆಸ್ಟರನ್ನು ಲಾವಣ್ಯ ಕಂಬಕ್ಕೆ ಹಚ್ಚಿದಳು. ಅದರ ಪುಟ್ಟ ದೀಪ ಹತ್ತಿಕೊಂಡಿತು. ಗಂಗುಲಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಅರ್ಥಿಂಗ್ ವೈರನ್ನ ಬೋಲ್ಟಿಂದ ಯಾರೋ ಬಿಚ್ಚಿದಾರೆ. ಹಸಿರು ವೈರು. ನೀವೇನಾದ್ರೂ ನೋಡಿದ್ರಾ ಅಮ್ಮ?"

ಆಂಜಿನಮ್ಮ ಮೇಲಕ್ಕೆ ನೋಡದೆ ಹೂವಿನ ಬುಟ್ಟಿ ಸರಿಸಿದಳು. ಆ ವೈರು ಅವಳ ನೆತ್ತಿಯ ಮೇಲೇ ಇತ್ತು. ಮುಟ್ಟಿದರೆ ಏನೂ ಆಗದ, ಯಾವ ದೀಪಕ್ಕೂ ಹೋಗದ ದಂಡದ ವೈರೆಂದು ಮಳೆ ಹಿಡಿದ ದಿನ ಅವಳೇ ಬಿಚ್ಚಿ, ಹೂವಿನ ಮೇಲಿನ ಟಾರ್ಪಾಲನ್ನು ಅದರಿಂದ ಬಿಗಿದಿದ್ದಳು. ಒಪ್ಪಿಕೊಂಡರೆ ಹನ್ನೆರಡು ವರ್ಷದ ಜಾಗ ಹೋಯಿತೆಂದೇ ಲೆಕ್ಕ.

"ನಾನ್ಯಾಕ್ ನೋಡ್ಲಿ?"

"ಸರಿ, ನಾನು ಮೇನ್ ಆಫ್ ಮಾಡ್ಬರ್ತೀನಿ. ಯಾರನ್ನೂ ಹತ್ರ ಬಿಡಬೇಡಿ," ಎಂದು ಲಾವಣ್ಯ ರಸ್ತೆಯಾಚೆಯ ಸಿಗ್ನಲ್ ಪೆಟ್ಟಿಗೆಯತ್ತ ಓಡಿದಳು.

ಅಷ್ಟರಲ್ಲಿ ಮುರುಗಮಲ್ಲದ ಬಸ್ಸು ಬಂದು ನಿಂತಿತು. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಇಳಿದು ಬಂದಳು. ಚಪ್ಪಲಿಗೆ ಮೆತ್ತಿದ ಕೆಸರು ಕೊಡವಲು ಒಂದು ಕಾಲಿನ ಚಪ್ಪಲಿ ಬಿಟ್ಟು, ಬರಿಗಾಲನ್ನು ನೀರಲ್ಲಿ ಊರಿ, ಆಸರೆಗೆಂದು ಕಂಬದ ಕಡೆ ಕೈ ಚಾಚಿದಳು.

"ಮುಟ್ಟಬೇಡ ಕಣೇ ತಾಯೀ!"

ಆಂಜಿನಮ್ಮ ಹೂವಿನ ಬುಟ್ಟಿಯನ್ನು ಒದ್ದುಕೊಂಡೇ ಎದ್ದು ಅವಳ ಸೆರಗು ಹಿಡಿದು ಎಳೆದಳು. ಸೇವಂತಿಗೆಯೆಲ್ಲ ಕೆಸರು ಪಾಲಾಯಿತು. ಕೂಸು ಕಿಟಾರನೆ ಕಿರುಚಿಕೊಂಡಿತು. ಆ ಹೆಂಗಸು ಬಯ್ಯುತ್ತಲೇ ಇದ್ದಳು. ಆಂಜಿನಮ್ಮ ಸೆರಗು ಬಿಡದೆ ಅವಳನ್ನು ಕಂಬದಿಂದ ದೂರಕ್ಕೆ ಎಳೆದೊಯ್ದಳು.

ಲಾವಣ್ಯ ಮೇನ್ ಆಫ್ ಮಾಡಿ ಬಂದಾಗ ಆಂಜಿನಮ್ಮನೇ ಮೇಲಕ್ಕೆ ಬೆರಳು ತೋರಿಸಿದಳು. "ಅಗೋ ನಿನ್ ಹಸಿರು ವೈರು. ಬಿಚ್ಚಿದ್ದು ನಾನೇ. ಕರೆಂಟಿಲ್ದಿರೋ ವೈರು ಯಾವ ಕೆಲ್ಸಕ್ಕೆ ಬರ್ತದೆ ಅಂದ್ಕೊಂಡೆ."

"ಏನೂ ಆಗ್ದಿದ್ದಾಗ ಸುಮ್ನಿದ್ದು, ಆದಾಗ ಜೀವ ಉಳ್ಸೋದೇ ಅದ್ರ ಕೆಲ್ಸ ಅಮ್ಮ. ಆದ್ರೆ ತಪ್ಪು ನಿಮ್ದೊಂದೇ ಅಲ್ಲ. ಟೇಪ್ ಸುತ್ತಿ, ಬೀಗ ಹಾಕ್ದೆ ಹೋದ ಕಂಟ್ರಾಕ್ಟರದ್ದೂ ಇದೆ. ಎಲ್ಲಾ ಸರಿಯಾಗೋವರ್ಗೂ ಸಿಗ್ನಲ್ ಆನ್ ಆಗಲ್ಲ, ಪೊಲೀಸ್ನೋರು ನಿಂತ್ಕೋತಾರೆ."

ಲಾವಣ್ಯ ರಿಪೋರ್ಟ್ ಬರೆದಳು.

"ನನ್ ಹೆಸ್ರು ಬರ್ದ್ಯಾ?"

"ಇಲ್ಲಮ್ಮ, ಕಂಬಕ್ಕೆ ಏನಾಗಿತ್ತು ಅಂತ ಬರ್ದೆ. ಜಾಗದ ವಿಷ್ಯ ನನ್ ಕೈಲಿಲ್ಲ, ಸುಳ್ಳು ಹೇಳಲ್ಲ."

ಆಂಜಿನಮ್ಮ ಆ ರಿಪೋರ್ಟನ್ನು ಗಂಗುಲಪ್ಪನಿಂದ ಎರಡು ಸಲ ಓದಿಸಿದಳು. ಆಮೇಲೆ ಟಾರ್ಪಾಲು ಬಿಚ್ಚಿ, ಹಲಗೆಯನ್ನು ತಾನೇ ಕಂಬದಿಂದ ಎರಡು ಮಾರು ಆಚೆಗೆ ಎಳೆದುಕೊಂಡಳು. ವಾರದ ನಂತರ ರಿಪೇರಿಯವರು ಮುಚ್ಚಳ ಹಾಕಿ ಹೊರಟಾಗ ಅವರಿಗೆ ಅಡ್ಡ ನಿಂತಳು.

"ಡಬ್ಬಿ ಹಾಕಿದ್ರಾ? ಅರ್ಥಿಂಗ್ ಬಿಗಿದ್ರಾ? ತೆಗೀರಿ, ನೋಡ್ಬೇಕು ನಾನು."

ಅವರು ಗೊಣಗಿಕೊಂಡೇ ತೆಗೆದು ತೋರಿಸಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿನ ಸಿಗ್ನಲ್ ಕಂಬಕ್ಕೆ ಹಗ್ಗ, ಬ್ಯಾನರು ಕಟ್ಟಬೇಡಿ. ಅದರಿಂದ ಕರೆಂಟು ಎಳೆಯಬೇಡಿ, ಯಾವ ವೈರನ್ನೂ ಬಿಚ್ಚಬೇಡಿ. ಮುಚ್ಚಳ ತೆರೆದಿದ್ದರೆ, ಮುಟ್ಟಿದಾಗ ಕೈ ಜುಮ್ಮೆಂದರೆ ದೂರ ನಿಂತು ಜನರನ್ನು ತಡೆಯಿರಿ. ಅಡ್ಡರಸ್ತೆಗಳೆರಡಕ್ಕೂ ಒಟ್ಟಿಗೇ ಹಸಿರು ದೀಪ ಬಂದರೂ ಸುಮ್ಮನಿರಬೇಡಿ. ಕೂಡಲೇ 112ಕ್ಕೆ ಫೋನ್ ಮಾಡಿ. ಬೇರೆ ಯಾರಾದರೂ ಹೇಳಿರುತ್ತಾರೆ ಎಂದು ಮುಂದೆ ಹೋಗಬೇಡಿ. ಇನ್ನೊಬ್ಬ ತಾಯಿ ಬಂದು ಕೈ ಚಾಚುವ ಮೊದಲೇ ಹೇಳಿ.