ಮಾವನ ಕೋವಿಗೆ ಹೊಸ ಸ್ಕೋಪು

"ಯಾರ ಕಣ್ಣಿಗೆ?" ಎಂದು ಅಂಗಡಿಯಾಕೆ ಕೇಳಿದಳು.

"ನಮ್ಮ ಮಾವನ ಕಣ್ಣಿಗೆ" ಎಂದ ಡ್ವೇನ್. ಆದರೆ ಕೋವಿಯ ಮೇಲೆ ಕೂರಿಸುವ ದುರ್ಬೀನುಗಳನ್ನು, ಅಂದರೆ ಸ್ಕೋಪುಗಳನ್ನು, ಒಂದೊಂದೇ ಎತ್ತಿ, ಕಿಟಕಿಯಾಚೆಯ ಬೆಟ್ಟ ನೋಡಿ ಬಾಯಿ ಚಪ್ಪರಿಸುತ್ತಿದ್ದವನು ತಾನೇ.

ಮಾವ ಆರ್ವಿಡ್ ಹೇಳಿ ಕಳಿಸಿದ್ದು ಇಷ್ಟೇ. "ಹಳೇದು ಮಂಜಾಗಿದೆ ಕಣಯ್ಯ. ನಸುಕಲ್ಲೂ ಕಾಣೋ ಹಾಗೆ ದಪ್ಪ ಗೆರೆ ಇರೋ ಸಾದಾ ಸ್ಕೋಪು ಸಾಕು. ನಾನೇನು ಈ ಬೆಟ್ಟದಲ್ಲಿ ಕೂತು ಆ ಬೆಟ್ಟದ ಎಲ್ಕ್ ಕಡವೆಗೆ ಹೊಡೆಯೋನಲ್ಲ." ಜೊತೆಗೆ ಇನ್ನೊಂದು ಮಾತೂ ಹೇಳಿದ್ದ: ಈ ಸಲ ಗುರಿ ತಪ್ಪಿದರೆ ಕಣ್ಣು ಹೋಯಿತೆಂದೇ ಅರ್ಥ, ಆಮೇಲೆ ಕೋವಿ ನಿನಗೇ. ಅಳಿಯನ ತಲೆಯಲ್ಲಿ ಉಳಿದದ್ದು ಈ ಎರಡನೆಯ ಮಾತು. ಹೇಗೂ ನಾಳೆ ತನ್ನದಾಗುವ ಕೋವಿ ಎಂದುಕೊಂಡು ಅವನು ಬಲು ದೂರ ತೋರಿಸುವ ಭಾರೀ ಸ್ಕೋಪನ್ನೇ ಆರಿಸಿದ. ಆಸೆಬುರುಕ. ಅಮೆರಿಕದ ವಯೋಮಿಂಗಿನ ನಮ್ಮೂರಲ್ಲಿ ಇಂಥವರು ಮನೆಗೊಬ್ಬರಿದ್ದಾರೆ, ಆ ಮಾತು ಬೇರೆ.

ಆ ಸ್ಕೋಪಿನ ನೆತ್ತಿಯ ಮೇಲೊಂದು ತಿರುಪು. ಗುರಿ ದೂರವಿದ್ದಷ್ಟೂ ಅದನ್ನು ಟಿಕ್ ಟಿಕ್ ಎಂದು ತಿರುಗಿಸಿಕೊಳ್ಳಬೇಕು. ಮುಗಿದ ಮೇಲೆ ಸೊನ್ನೆಗೆ ತಂದಿಡಬೇಕು. ಮರೆತರೆ, ಹತ್ತಿರದ ಪ್ರಾಣಿಯ ಬೆನ್ನ ಮೇಲಿಂದ ಗುಂಡು ಹಾರಿಹೋಗುತ್ತದೆ.

"ಇದೇನಯ್ಯಾ, ಚಂದ್ರನ ಮೇಲೆ ಬೇಟೆಯಾಡ್ಬೇಕಾ?" ಎಂದು ಮುದುಕ ನಕ್ಕ. ಆದರೂ ಅಳಿಯ ತಂದದ್ದೆಂದು ಹಾಕಿಸಿಕೊಂಡ. ತಿರುಪನ್ನು ಮುಟ್ಟುವುದಿಲ್ಲ ಎಂದ. ಸೊನ್ನೆಯಲ್ಲಿಟ್ಟು ಗುರಿ ಹೊಂದಿಸಿ, ಅಷ್ಟಕ್ಕೇ ಬಿಟ್ಟ.

ಬೇಟೆಯ ದಿನ ಇಬ್ಬರೂ ಬೆಟ್ಟದ ಏಣಿನಲ್ಲಿ ಕುಳಿತಿದ್ದರು. ಎಷ್ಟು ಹೊತ್ತಾದರೂ ಏನೂ ಬರಲಿಲ್ಲ.

"ಮಾವ, ಒಂಚೂರು ಕೊಡಿ, ನೋಡಿ ಕೊಡ್ತೀನಿ."

ಡ್ವೇನ್ ಕೋವಿ ಈಸಿಕೊಂಡು ಎದುರು ಬೆಟ್ಟದ ಬಿಳಿ ಬಂಡೆಗೆ ಗುರಿಯಿಟ್ಟ. ಅಲ್ಲೊಂದು ಎಲ್ಕ್ ನಿಂತಿದೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ ತಿರುಪನ್ನು ತಿರುಗಿಸಿದ. ಅಷ್ಟರಲ್ಲಿ ಕೆಳಗಿನ ಮರಗಳ ನಡುವಿನಿಂದ ನಿಜವಾದ ಎಲ್ಕೇ ಬಂತು. ಕವಲು ಕವಲು ಕೊಂಬಿನ ದೊಡ್ಡ ಗಂಡು, ಕರೆದರೆ ಕೇಳಿಸುವಷ್ಟು ಹತ್ತಿರ. ಡ್ವೇನ್ ಗಡಿಬಿಡಿಯಲ್ಲಿ ಕೋವಿಯನ್ನು ಮಾವನ ಕೈಗಿಟ್ಟ. ಮುದುಕ ಉಸಿರು ಹಿಡಿದು ಹೊಡೆದ. ಎಲ್ಕ್ ಒಮ್ಮೆ ಬೆಚ್ಚಿ, ಕಾಡೊಳಗೆ ನುಗ್ಗಿ ಹೋಯಿತು.

ಕೆಳಗಿಳಿದು ಹುಡುಕಿದರು. ಒಂದು ಹನಿ ರಕ್ತವಿಲ್ಲ.

"ಮುಗೀತಪ್ಪ" ಎಂದ ಆರ್ವಿಡ್. "ಅಷ್ಟು ಹತ್ತಿರದ್ದು. ಕಣ್ಣು ಹೋಯ್ತು." ಕೋವಿಯನ್ನು ಅಳಿಯನಿಗೆ ಕೊಟ್ಟು, ಬೆನ್ನು ಹಾಕಿ, ಬಿದ್ದ ಮರದ ಮೇಲೆ ಕುಳಿತ.

ಆಗಲೇ ಡ್ವೇನ್ ತಿರುಪನ್ನು ನೋಡಿದ್ದು. ಅದು ಇನ್ನೂ ಬಿಳಿ ಬಂಡೆಯ ದೂರದಲ್ಲೇ ನಿಂತಿತ್ತು. ಹೇಳಬೇಕೆಂದು ಬಾಯಿ ತೆರೆದ. ಆದರೆ ಬೆರಳು ಮೆಲ್ಲಗೆ ತಿರುಪನ್ನು ಸೊನ್ನೆಗೆ ತಂದಿತು. ಎಂಥ ಹೀನ ಕೆಲಸ ಮಾಡುತ್ತಿದ್ದೇನೆ ಎಂದು ಗೊತ್ತಿದ್ದೇ ತಂದಿತು.

ಗುರಿ ತಪ್ಪಿದವರ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆಯಿಂದ ಹೊಡೆಯುವುದು ನಮ್ಮ ಬೇಟೆಯವರ ಪದ್ಧತಿ. ಆರ್ವಿಡ್ ಮನೆಯ ಅಡುಗೆಮನೆ ಗೋಡೆಯಲ್ಲಿ ಡ್ವೇನನ ಅಂಗಿಯ ತುಂಡುಗಳೇ ಹೆಚ್ಚು. ಮುದುಕನದು ಒಂದೂ ಇರಲಿಲ್ಲ.

ಮಗಳು ಮಾರ್ಗಿಟ್ ಕತ್ತರಿ ಹಿಡಿದು ನಗಲು ನೋಡಿದಳು, ಆಗಲಿಲ್ಲ. "ಬೇಡ ಬಿಡಪ್ಪ."

"ನಂಗೊಂದು ನ್ಯಾಯ, ಊರಿಗೊಂದು ನ್ಯಾಯವಾ? ಕತ್ತರ್ಸು" ಎಂದು ಮುದುಕ ತಾನೇ ಅಂಗಿ ಹೊರಗೆಳೆದು ಬೆನ್ನು ತಿರುಗಿಸಿದ. ಡ್ವೇನ್ ಸಾರಿನ ಬಟ್ಟಲನ್ನೇ ನೋಡುತ್ತ ಕುಳಿತ. ಕತ್ತರಿ ಬಟ್ಟೆಯನ್ನು ಪರ್ರನೆ ಸೀಳಿತು.

ಮಾವ ಆ ತುಂಡನ್ನು ತಾನೇ ಗೋಡೆಗೆ ಹೊಡೆದು, ಕೋವಿ ತಂದು ಅಳಿಯನ ಮುಂದಿಟ್ಟ. "ತಗೋಪ್ಪ. ಹೆಂಗೂ ನಿನ್ನ ಕಣ್ಣಿಗೇ ಆರಿಸಿದ್ದು."

ಇನ್ನು ತಡೆಯಲಾಗಲಿಲ್ಲ. "ಮಾವ, ನಿಮ್ಮ ಕಣ್ಣಲ್ಲ. ತಿರುಪು ತಿರುಗಿಸಿದ್ದು ನಾನು. ಸೊನ್ನೆಗೆ ತರೋದು ಮರೆತೆ. ಆಮೇಲೆ..."

"ಆಮೇಲೆ ಕದ್ದು ತಿರುಗಿಸ್ದೆ" ಎಂದ ಆರ್ವಿಡ್. "ಕಣ್ಣು ಮಂಜು ಕಣಯ್ಯ, ಕಿವಿಯಲ್ಲ. ಮರದ ಮೇಲೆ ಕೂತಿದ್ದಾಗ ಬೆನ್ನ ಹಿಂದೆ ಟಿಕ್ ಟಿಕ್ ಅಂತ ಅಷ್ಟೂ ಕೇಳಿಸ್ತು. ಬೆಟ್ಟ ಇಳಿಯೋದ್ರೊಳಗೆ ಹೇಳ್ತೀಯ ಅಂದ್ಕೊಂಡೆ. ದಾರೀಲಿ ಹೇಳ್ತೀಯ ಅಂದ್ಕೊಂಡೆ. ಕತ್ತರಿ ಬಂದಾಗ್ಲಾದ್ರೂ..."

ಡ್ವೇನ್ ಎದ್ದು ನಿಂತು, ತನ್ನ ಅಂಗಿಯನ್ನು ಹೊರಗೆಳೆದು, ಹೆಂಡತಿಗೆ ಬೆನ್ನು ಕೊಟ್ಟ. ಕತ್ತರಿಯ ತಣ್ಣನೆಯ ಅಲಗಿಗಾಗಿ ಕಾದ.

ಮಾರ್ಗಿಟ್ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಅದು ಗುರಿ ತಪ್ಪಿದವ್ರ ಗೋಡೆ ಡ್ವೇನ್" ಎಂದಳು. "ಅಂಗಿ ಒಳಗೆ ಹಾಕ್ಕೊ."