ಹಳದಿ ಬಾರದ ಹನ್ನೆರಡು ಪ್ರತಿಗಳು

ಬಾತ್‌ರೂಮಿನ ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ತಮ್ಮ ಶೇವಿಂಗ್ ಬ್ರಶ್ಶಿನ ಪಕ್ಕದಲ್ಲಿ, ಮುಖ ಬೆಳ್ಳಗೆ ಮಾಡುವ ಕ್ರೀಮಿನ ಟ್ಯೂಬೊಂದು ಬಂದು ಕೂತದ್ದನ್ನು ದೇವದಾಸರು ನೋಡಿದ್ದು ಒಂದು ಮಂಗಳವಾರ ಬೆಳಿಗ್ಗೆ. ನೋಡಿದವರು ಅರ್ಧ ಗಡ್ಡ ಹೆರೆದು ಹಾಗೇ ನಿಂತರು. ಇಪ್ಪತ್ತಾರು ವರ್ಷಗಳಲ್ಲಿ ಆ ಮನೆಗೆ ಅಂಥ ಟ್ಯೂಬು ಬಂದಿರಲಿಲ್ಲ. ತಂದವಳು ಮಗಳು ನಿಶ್ಮಿತಾ, ಅದರಲ್ಲಿ ಸಂಶಯವಿಲ್ಲ. ತರುವಂತೆ ಮಾಡಿದವರು ಯಾರು ಎಂಬುದರಲ್ಲೂ ಸಂಶಯವಿರಲಿಲ್ಲ. ಆದರೆ ಅದು ಗೊತ್ತಿದ್ದದ್ದು ಇಡೀ ಡೊಂಬಿವಲಿಯಲ್ಲಿ ದೇವದಾಸರೊಬ್ಬರಿಗೇ.

ಎಲ್ಲ ಶುರುವಾದದ್ದು ಪ್ರಿಂಟರಿನಿಂದ. ಮೂರು ವರ್ಷದ ಹಿಂದೆ ಠಾಣೆಯ ಒಂದು ಸೇಲಿನಲ್ಲಿ ಕಂಪ್ಯೂಟರಿನ ಜೊತೆಗೆ ಅದು ಹೆಚ್ಚುಕಮ್ಮಿ ಪುಕ್ಕಟೆ ಬಂದಿತ್ತು. ಪುಕ್ಕಟೆ ಬಂದದ್ದು ಹೊಟ್ಟೆಗೆ ಎಷ್ಟು ತಿನ್ನುತ್ತದೆ ಎಂದು ತಿಳಿದದ್ದು ಮೊದಲ ಸಲ ಇಂಕು ಮುಗಿದಾಗ. ಹೊಸ ಬಣ್ಣದ ಕಾರ್ಟ್ರಿಜ್ಜಿನ ರೇಟು ಕೇಳಿ ದೇವದಾಸರು ಅಂಗಡಿಯವನನ್ನು, "ಇಂಕು ಕೊಡ್ತೀಯೋ, ಅತ್ತರು ಕೊಡ್ತೀಯೋ?" ಎಂದು ಕೇಳಿ ಬಂದಿದ್ದರು. ಮೂವತ್ತು ವರ್ಷದಿಂದ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಂಪನಿಯಲ್ಲಿ ಡಿಸ್ಪ್ಯಾಚ್ ನೋಡಿಕೊಂಡು ಬಂದವರು ಅವರು. ಡ್ರಮ್ಮುಗಟ್ಟಲೆ ಬಣ್ಣ ಲಾರಿಗೆ ಹತ್ತಿಸಿದ ಕೈಗೆ ನಾಲ್ಕು ಚಮಚ ಬಣ್ಣಕ್ಕೆ ಅಷ್ಟು ಸುರಿಯುವುದೆಂದರೆ ಮೈ ಉರಿಯದೆ ಇರುತ್ತದೆಯೇ?

ಅಲ್ಲಿಂದ ಸಿರಿಂಜು ಬಂತು. ಭಾನುವಾರ ಊಟವಾದ ಮೇಲೆ ನೆಲಕ್ಕೆ ಹಳೇ ಪೇಪರು ಹಾಸಿ, ಕಾರ್ಟ್ರಿಜ್ಜನ್ನು ಕೂಸಿನಂತೆ ಅಂಗಾತ ಮಲಗಿಸಿ, ನೆತ್ತಿಯ ಸ್ಟಿಕ್ಕರು ಕಿತ್ತು, ಮೂರು ತೂತುಗಳಿಗೆ ಮೂರು ಬಾಟಲಿಯ ಬಣ್ಣ ಚುಚ್ಚುವರು. ಸೋಮವಾರ ಆಫೀಸಿಗೆ ಹೋಗುವಾಗ ಉಗುರೆಲ್ಲ ನೀಲಿ. ಹೆಂಡತಿ ಸುಗುಣಾ, "ಇದೆಂತ ಕಾಂಪೌಂಡರನ ಕೆಲಸ ಹಿಡಿದಿರಿ ನೀವು?" ಎಂದು ನಕ್ಕರೆ, "ಹನಿ ಹನಿ ಗೂಡಿದರೆ ಹಳ್ಳ" ಎಂದು ಗಂಭೀರವಾಗಿ ಹೇಳುವರು. ಸಾಲದ್ದಕ್ಕೆ ಪ್ರಿಂಟು ಯಾವಾಗಲೂ ಡ್ರಾಫ್ಟ್ ಮೋಡಿನಲ್ಲಿ, ತೆಳ್ಳಗೆ, ಬಡಕಲಾಗಿ. ಬಿಲ್ಡಿಂಗಿನ ನಾಲ್ಕು ಜನರಿಗೆ ಈ ವಿದ್ಯೆ ಕಲಿಸಿಯೂ ಕೊಟ್ಟಿದ್ದರು. ಉಳಿತಾಯ ಮಾಡುವವನಿಗೆ ಶಿಷ್ಯರು ಸಿಕ್ಕರೆ ಕೇಳಬೇಕೇ, ಕೋಡು ಎರಡಲ್ಲ, ಮೂರು.

ಹೋದ ಡಿಸೆಂಬರಿನಲ್ಲಿ ನಿಶ್ಮಿತಾಳಿಗೆ ಗಂಡು ನೋಡುವ ಮಾತು ಬಂತು. ಆ ಕೆಲಸಕ್ಕೆ ಅಕ್ಕು ದೊಡ್ಡಮ್ಮ ಇದ್ದರು. ಸಾನಪಾಡಾದಲ್ಲಿ ಮಗನ ಮನೆಯಲ್ಲಿದ್ದುಕೊಂಡು, ಊರ ಕಡೆಯವರ ಪೂಜೆ, ಮುಂಜಿ, ಮದುವೆ ಯಾವುದನ್ನೂ ಬಿಡದೆ, ಕಂಕುಳಲ್ಲಿ ಫೈಲು ಹಿಡಿದು ಹೋಗುವ ಮುದುಕಿ. ಯಾರಿಗೂ ನೆಂಟರಲ್ಲ, ಎಲ್ಲರಿಗೂ ದೊಡ್ಡಮ್ಮ. ನಿಶ್ಮಿತಾಳನ್ನು ಅವರು ಕಡೆಯದಾಗಿ ನೋಡಿದ್ದು ಅವಳು ಫ್ರಾಕು ತೊಡುವಾಗ. "ಈ-ಮೇಲು ಗೀಲು ನಂಗೆ ಬರುದಿಲ್ಲ. ಕೈಯಲ್ಲಿ ಹಿಡಿಲಿಕ್ಕೆ ಆಗುವಂಥದ್ದು ಕೊಡು, ಹನ್ನೆರಡು ಪ್ರತಿ, ಫೋಟೋ ಸಮೇತ" ಎಂದು ಫೋನಿನಲ್ಲಿ ಅಪ್ಪಣೆಯಾಯಿತು.

ದೇವದಾಸರು ಕೂತು ಚಂದವಾಗಿ ಬಯೋಡಾಟಾ ಮಾಡಿದರು. ಹೆಸರು, ಕುಲದ ಬಳಿ, ನಕ್ಷತ್ರ, ಬಿ.ಕಾಂ., ಐರೋಲಿಯ ಕಂಪನಿಯಲ್ಲಿ ಕೆಲಸ, ಬಲಗಡೆ ಮೇಲೆ ಹಸಿರು ಚೂಡಿದಾರದಲ್ಲಿ ನಗುತ್ತಿರುವ ಫೋಟೋ. ಪ್ರಿಂಟು ಕೊಟ್ಟರು. ಮೊದಲ ಪ್ರತಿ ಹೊರಬಂದಾಗ ಹಸಿರು ಚೂಡಿದಾರ ನೀಲಿಯಾಗಿತ್ತು. ಗೋಧಿ ಬಣ್ಣದ ಹುಡುಗಿಯ ಮುಖ ನೇರಳೆ ಹಣ್ಣು ಜಜ್ಜಿ ಒರೆಸಿದ ಹಾಗಿತ್ತು. ಚುಚ್ಚಿ ಚುಚ್ಚಿ ಹಳದಿಯ ಕಡೆ ಕಟ್ಟಿಕೊಂಡುಬಿಟ್ಟಿತ್ತು. ಬಿಸಿನೀರಿನಲ್ಲಿಟ್ಟರು, ಟಿಶ್ಯೂ ಒತ್ತಿದರು, ಹಳದಿ ಬರಲಿಲ್ಲ.

ಅವರಿಗೆ ಕಾಣಲಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಕಂಡಿತು. ಕಪಾಟಿನಲ್ಲಿ ಸೀಲು ಒಡೆಯದ ಹೊಸ ಕಾರ್ಟ್ರಿಜ್ಜು ಒಂದು ಇತ್ತು, ಅದೂ ನೆನಪಾಯಿತು. ಆದರೆ ಅದು ಊರ ಕಡೆಯವರ ಸಂಘದ ಶನಿಪೂಜೆಯ ಪೋಸ್ಟರಿಗೆಂದು ತಂದಿಟ್ಟದ್ದು. ದೇವದಾಸರು ಸಂಘದ ಕಾರ್ಯದರ್ಶಿ. ಅಧ್ಯಕ್ಷ ಗುರುವಪ್ಪಣ್ಣನವರದ್ದು ವಾಶಿಯಲ್ಲಿ ಎರಡು ಹೋಟೆಲು. ಹಿಂದಿನ ವರ್ಷದ ಪೋಸ್ಟರಿನಲ್ಲಿ ಅವರ ಮುಖ ಮಂಕಾಗಿ ಬಂದು, ಸಭೆಯಲ್ಲೇ, "ದೇವದಾಸಣ್ಣ, ನಂಗೆ ರಕ್ತ ಕಮ್ಮಿಯಾ?" ಎಂದು ಕೇಳಿ ನಾಲ್ಕು ಜನ ನಕ್ಕಿದ್ದರು. ಈ ಸಲ ಹಾಗಾಗಬಾರದೆಂದು ಸ್ವಂತ ಕೈಯಿಂದಲೇ ತಂದಿಟ್ಟದ್ದು. ಅದನ್ನು ಈಗ ಒಡೆದರೆ ಪೋಸ್ಟರಿಗೆ ಇನ್ನೊಂದು ತರಬೇಕು. ಹೊರಗೆ ಕಲರ್ ಪ್ರಿಂಟು ತೆಗೆಸಬಹುದಿತ್ತು. ಮನೆಯಲ್ಲಿ ಬಾವಿ ಇಟ್ಟುಕೊಂಡು ಟ್ಯಾಂಕರು ತರಿಸುವುದುಂಟೇ ಎನಿಸಿತು. ಹುಡುಗಿಯನ್ನು ಹೇಗೂ ಎದುರೇ ನೋಡುತ್ತಾರಲ್ಲ, ಕಾಗದ ಹೇಗಿದ್ದರೇನು ಎಂದುಕೊಂಡು ಉಳಿದ ಹನ್ನೊಂದನ್ನೂ ಒತ್ತಿದರು. ಕವರಿಗೆ ಹಾಕಿ, ಅಂಟಿಸಿ, ಮಗಳಿಗೊಂದು ತೋರಿಸದೆ ಕಳಿಸಿಯೂ ಆಯಿತು. ಶನಿಪೂಜೆಯ ದಿನ ಗುರುವಪ್ಪಣ್ಣನವರು ಪೋಸ್ಟರಿನಲ್ಲಿ ಅರಸಿನದ ಕೊಂಬಿನಂತೆ ಹೊಳೆದರು.

ಫೆಬ್ರವರಿಯಿಂದ ಉತ್ತರಗಳು ಬರತೊಡಗಿದವು. ಮೊದಲನೆಯದು, ಜಾತಕ ಕೂಡುವುದಿಲ್ಲ. ಸರಿ. ಎರಡನೆಯದು ಕಲ್ಯಾಣದ ರಿತೇಶ್ ಎಂಬ ಹುಡುಗ, ಬ್ಯಾಂಕಿನಲ್ಲಿ ಕೆಲಸ, ಜಾತಕ ಚೆನ್ನಾಗಿ ಕೂಡಿತ್ತು. ಒಂದು ಸಂಜೆ ಸುಗುಣಾ ಫೋನು ಸ್ಪೀಕರಿಗೆ ಹಾಕಿ ಕೊತ್ತಂಬರಿ ಸೋಸುತ್ತಿದ್ದಳು. ನಿಶ್ಮಿತಾ ಅಲ್ಲೇ ಚಪ್ಪಲಿ ಬಿಚ್ಚುತ್ತಿದ್ದಳು.

"ಹುಡುಗನ ತಾಯಿಗೆ ಮನಸ್ಸಿಲ್ಲ ಸುಗುಣಾ. ಹುಡುಗಿ ಬಣ್ಣ ಸ್ವಲ್ಪ ಜಾಸ್ತಿಯೇ ಕಮ್ಮಿ ಅಂತೆ. ಇನ್ನೂ ಎರಡು ಕಡೆ ಅದೇ ಹೇಳಿದ್ರು," ಎಂದರು ಅಕ್ಕು ದೊಡ್ಡಮ್ಮ, ಎಲ್ಲರಿಗೂ ಕೇಳುವಂತೆ.

ಸುಗುಣಾ ಸ್ಪೀಕರು ಆರಿಸುವುದರೊಳಗೆ ಆಗುವುದು ಆಗಿತ್ತು. ನಿಶ್ಮಿತಾ ನಕ್ಕಳು. "ಛೋಡೋ ನಾ ಮಮ್ಮಿ, ಅವರ ಮಗ ಯಾವ ಹೀರೋ?" ಎಂದು ಒಳಗೆ ಹೋದಳು. ಸುಗುಣಾ ಕೊತ್ತಂಬರಿಯ ಮುಂದೆ ಕೂತು, "ಹುಡುಗಿ ಇರುದೊಂದು, ಇವರು ಹೇಳುದೊಂದು. ಆ ಫೋಟೋದಲ್ಲೇ ಎಂತದೋ ಆಗಿರ್ಬೇಕು, ಅಲ್ವಾ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ದೇವದಾಸರು ತಮ್ಮ ನೀಲಿ ಉಗುರುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡು, "ಫೋಟೋಕ್ಕೆ ಎಂತ ಆಗ್ತದೆ? ಜನರ ಕಣ್ಣೇ ಸರಿ ಇಲ್ಲ," ಎಂದುಬಿಟ್ಟರು.

ಅಂದು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಒಂದು ದಿನ ಬೈಸಿಕೊಳ್ಳುವುದು, ಎರಡು ದಿನ ಮಾತಿಲ್ಲದ ಊಟ, ಅಷ್ಟೇ. ಅದೂ ಅಲ್ಲದೆ, ಬಣ್ಣ ಕಮ್ಮಿಯಿದ್ದರೆ ನಿಮ್ಮ ಮನೆಯ ಗಂಟೇನು ಹೋಗುತ್ತದೆ ಎಂದು ಆ ತಾಯಂದಿರನ್ನು ಕೇಳಬಹುದಿತ್ತು. ದೇವದಾಸರದ್ದೇ ಸುಟ್ಟ ಕಾವಲಿಯ ಬಣ್ಣ. ಅವರಿಗೆ ಹೆಣ್ಣು ಸಿಗಲು ಹದಿನೈದು ದಿನ ಸಾಕಾಗಿತ್ತು. ಆದರೆ ಕೇಳಲಿಲ್ಲ, ಹೇಳಲೂ ಇಲ್ಲ.

ಆಮೇಲೆ ಅವರ ಕಣ್ಣಿಗೆ ಒಂದೊಂದೇ ಬೀಳತೊಡಗಿತು. ಹಸಿರು ಚೂಡಿದಾರ ಕಪಾಟಿನ ತಳಕ್ಕೆ ಹೋಯಿತು. ಆಫೀಸಿನವರ ಜೊತೆ ಪಿಕ್‌ನಿಕ್ಕಿಗೆ ಹೊರಟವಳು ಬಿಸಿಲೆಂದು ಹೋಗಲಿಲ್ಲ. ಸ್ಕೂಟಿಯ ಹುಡುಗಿಯರು ಧೂಳಿಗೆ ಕಟ್ಟಿಕೊಳ್ಳುವಂತೆ ದುಪಟ್ಟಾವನ್ನು ಕಣ್ಣೊಂದು ಬಿಟ್ಟು ಮುಖಕ್ಕೆಲ್ಲ ಬಿಗಿದು ಸ್ಟೇಷನ್ನಿಗೆ ನಡೆಯತೊಡಗಿದಳು. ಅವಳ ಬಳಿ ಸ್ಕೂಟಿ ಇರಲಿಲ್ಲ. ಕಡೆಗೆ ಆ ಟ್ಯೂಬು ಬಂತು. ಗಡ್ಡದ ಇನ್ನರ್ಧ ಹೆರೆಯುವಾಗ ದೇವದಾಸರು ಗಲ್ಲ ಕೊಯ್ದುಕೊಂಡರು. ಇನ್ನು ತಡೆಯಲಾಗುವುದಿಲ್ಲ ಎಂದು ಅವರಿಗೆ ಅನಿಸಿತು.

ತಡೆಯದೆ ಏನು ಮಾಡಿದರು? ಮಗಳಿಗೆ ಹೇಳಿದರೇ? ಅಯ್ಯೋ ರಾಮ. ಸ್ಟೇಷನ್ ರೋಡಿನ ಸ್ಟುಡಿಯೋಗೆ ಹೋಗಿ ಅದೇ ಫೋಟೋ ಒಳ್ಳೇ ಕಾಗದದ ಮೇಲೆ ಹನ್ನೆರಡು ತೆಗೆಸಿದರು, ಹೊಸ ಬಯೋಡಾಟಾಗಳಿಗೆ ಅಂಟಿಸಿದರು, ಭಾನುವಾರ ಸಂಘದ ಕೆಲಸವೆಂದು ಹೇಳಿ ಸಾನಪಾಡಾಕ್ಕೆ ಹೊರಟರು. ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ಹಳತು ತೆಗೆದು ಹೊಸತು ಇಟ್ಟುಬಿಟ್ಟರೆ ಪಾಪ ಕಳೆಯಿತು ಎಂಬುದು ಲೆಕ್ಕ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಅವರು ತಮ್ಮ ಬುದ್ಧಿಗೆ ತಾವೇ ಸ್ವಲ್ಪ ಮೆಚ್ಚಿಕೊಂಡದ್ದೂ ಹೌದು.

ಅಕ್ಕು ದೊಡ್ಡಮ್ಮ ಹಳೆಯದನ್ನೂ ಹೊಸತನ್ನೂ ಪಕ್ಕ ಪಕ್ಕ ಇಟ್ಟು ಕನ್ನಡಕ ಏರಿಸಿದರು. "ಇದು ಯಾರು?" ಎಂದರು.

"ನಿಶ್ಮಿತಾನೇ ದೊಡ್ಡಮ್ಮ. ಅದೇ ಫೋಟೋ."

"ಅದೇ ಫೋಟೋವಾ? ಬೆಳ್ಳಗೆ ಮಾಡ್ಲಿಕ್ಕೆ ಸ್ಟುಡಿಯೋದವನಿಗೆ ಎಷ್ಟು ಕೊಟ್ಟೆ?"

"ಇಲ್ಲ. ಅವಳು ಇರುದೇ ಹೀಗೆ."

"ಹೆತ್ತವರಿಗೆ ಹೆಗ್ಗಣ ಮುದ್ದು ಮಾರಾಯ." ಮುದುಕಿ ಕನಿಕರದಿಂದಲೇ ಹೇಳಿದರು. "ನಿನ್ನ ಸಂಕಟ ನಂಗೆ ಗೊತ್ತಾಗ್ತದೆ. ಆದ್ರೆ ಏಳು ಮನೆಗೆ ಹಳೆಯದು ಹೋಗಿದೆ. ಅವರು ನಾಲ್ಕು ಜನರಿಗೆ ಹೇಳಿದ್ದಾರೆ. ಈಗ ಇದನ್ನು ತೋರಿಸಿದ್ರೆ, ಮೊದಲು ನಿಜ ಕಳಿಸಿ ಆಮೇಲೆ ಬಣ್ಣ ಬಳಿದ್ರು ಅಂತ ನಗ್ತಾರೆ. ಕಲ್ಯಾಣದ್ದು ಹೇಗೂ ಹೋಯ್ತು, ಮೊನ್ನೆ ಬೇರೆ ಕಡೆ ನಿಶ್ಚಯ ಆಯ್ತಂತೆ."

ಪ್ರಿಂಟರಿನ ಸಂಗತಿ ದೇವದಾಸರ ನಾಲಿಗೆಯ ತುದಿಯವರೆಗೆ ಬಂತು. ಎದುರು ಗೋಡೆಯಲ್ಲಿ, ದೇವರ ಪಟಗಳ ಪಕ್ಕ, ಅವರದೇ ಕೈಯ ಶನಿಪೂಜೆಯ ಪೋಸ್ಟರು ಇನ್ನೂ ತೂಗುತ್ತಿತ್ತು. "ಎಷ್ಟು ಚಂದ ಮಾಡಿದ್ದಿ ಅದನ್ನ, ತೆಗಿಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದರು ದೊಡ್ಡಮ್ಮ. ದೇವದಾಸರು ಮಿಕ್ಕಿದ್ದ ಐದು ಹಳೆಯ ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು ಚಹಾ ಕುಡಿಯದೆ ಎದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅವರು ಸಂಘದ ಭಾಷಣಗಳಲ್ಲಿ ಎಷ್ಟು ಸಲ ಹೇಳಿದ್ದರೋ. ಇಲ್ಲಿ ಹೋದದ್ದು ಅವರ ಮಾನವಲ್ಲ, ಮಗಳದ್ದು. ಆ ಮಾತು ಸಾನಪಾಡಾದಿಂದ ಠಾಣೆಯವರೆಗೂ ಅವರನ್ನು ಬಿಡಲಿಲ್ಲ.

ಮನೆಗೆ ಬಂದಾಗ ಸುಗುಣಾ ಹಿಟ್ಟು ರುಬ್ಬಿಸಲು ಹೋಗಿದ್ದಳು. ನಿಶ್ಮಿತಾ ಬಾಗಿಲು ತೆರೆದಳು. ಮುಖಕ್ಕೆ ಕಡಲೆಹಿಟ್ಟು ಬಳಿದುಕೊಂಡಿದ್ದಳು, ಅದು ಅರ್ಧ ಒಣಗಿತ್ತು. ದೇವದಾಸರಿಗೆ ಚಪ್ಪಲಿ ಬಿಚ್ಚುವುದೂ ಮರೆತುಹೋಯಿತು. ಚೀಲದಿಂದ ಐದೂ ಪ್ರತಿ ತೆಗೆದು ಊಟದ ಮೇಜಿನ ಮೇಲಿಟ್ಟರು.

"ಬಣ್ಣ ಕಮ್ಮಿ ಇದ್ದದ್ದು ನಿಂಗಲ್ಲ ಮಗಾ. ಪ್ರಿಂಟರಿಗೆ. ಹಳದಿ ಬರ್ತಾ ಇರ್ಲಿಲ್ಲ."

ಅವಳು ಒಂದನ್ನು ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಿಟ್ಟು ಬಿರಿದು ಒಂದಿಷ್ಟು ಕಾಗದದ ಮೇಲೆ ಉದುರಿತು.

"ಇದನ್ನು ಕಳಿಸಿದ್ದಾ?"

"ಹೌದು."

"ಕಳಿಸುವಾಗ ನೋಡಿದ್ರಾ, ಪಪ್ಪಾ?"

"ನೋಡಿದ್ದೆ."

"ಹೊಸ ಕಾರ್ಟ್ರಿಜ್ಜು ಇತ್ತಲ್ಲ ಕಪಾಟಿನಲ್ಲಿ. ನಾನೇ ನೋಡಿದ್ದೆ ಆಗ."

ಮುಂಬಾಗಿಲ ಹಿಂದೆಯೇ ಪೋಸ್ಟರಿನ ಒಂದು ಪ್ರತಿ ಇತ್ತು, ಅವಳ ಕಣ್ಣು ಅದರ ಕಡೆ ಹೋಗಿ ಬಂತು. ಬೈಯಲಿ ಎಂದು ದೇವದಾಸರು ಕಾದರು. ಬೈದರೆ ಸಾಕಾಗಿತ್ತು, ಹೊಡೆದರೂ ಸರಿಯಿತ್ತು ಎನಿಸಿತು ಅವರಿಗೆ.

"ಆ ಹುಡುಗರು ಹಾಳಾಗಿ ಹೋಗ್ಲಿ," ಎಂದಳು ನಿಶ್ಮಿತಾ, ಮೆಲ್ಲಗೆ. "ನಾನು ಹೇಗಿದ್ದೇನೆ ಅಂತ ನಂಗೆ ಗೊತ್ತಿತ್ತು, ಪಪ್ಪಾ. ದಿನಾ ಕನ್ನಡಿ ನೋಡ್ತೇನೆ. ಆದ್ರೂ ಕನ್ನಡಿ ತಪ್ಪು ಅಂದುಕೊಂಡೆ. ಯಾಕೆ ಹೇಳಿ? ಫೋಟೋ ಆರಿಸಿದ್ದು ನೀವು, ಕಳಿಸಿದ್ದು ನೀವು. ನೀವು ಚಂದದ್ದೇ ಕಳಿಸಿರ್ತೀರಿ, ಅಷ್ಟು ಚಂದದ್ದನ್ನು ನೋಡಿಯೂ ಬೇಡ ಅಂದಿದ್ದಾರೆ ಅಂದ್ರೆ..." ಮಾತು ಅಲ್ಲಿಗೇ ನಿಂತಿತು. ಅವಳು ಹೋಗಿ ಮುಖ ತೊಳೆದುಕೊಂಡಳು. ನಲ್ಲಿ ಬಹಳ ಹೊತ್ತು ಹರಿಯಿತು, ನೀರು ದಂಡವಾಗುತ್ತದೆ ಎಂದು ಆ ದಿನ ಯಾರೂ ಕೂಗಲಿಲ್ಲ.

ಸುಗುಣಾ ಬಂದ ಮೇಲೆ ಎಲ್ಲ ಗೊತ್ತಾಯಿತು. ಬೈಗುಳದ ಪಾಲು ಸುಗುಣಾಳಿಂದ ಧಾರಾಳವಾಗಿಯೇ ಸಿಕ್ಕಿತು, ಆದರೆ ಅದರಿಂದ ದೇವದಾಸರ ಎದೆ ಹಗುರಾಗಲಿಲ್ಲ. ಸಿರಿಂಜು, ಬಾಟಲಿ, ಆ ಕಾರ್ಟ್ರಿಜ್ಜು ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದರು. ಪೋಸ್ಟರನ್ನು ಕಿತ್ತು ಮಡಚಿದರು. ಕನ್ನಡಿಯ ಕೆಳಗಿನ ಟ್ಯೂಬು ಮರುದಿನ ಬೆಳಿಗ್ಗೆ ಇರಲಿಲ್ಲ. ಅವಳೇ ಎಸೆದಿದ್ದಳು. ದೇವದಾಸರಿಗೆ ಆಗ ಉಸಿರು ಬಂತು.

ಎಂಟು ಗಂಟೆಗೆ ನಿಶ್ಮಿತಾ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. "ಬರ್ತೇನೆ ಪಪ್ಪಾ," ಎಂದು ಮೊದಲಿನ ಹಾಗೆಯೇ ಹೇಳಿದಳು. ತಿಂಗಳುಗಳ ಮೇಲೆ ಹಸಿರು ಚೂಡಿದಾರ ಹಾಕಿದ್ದಳು. ದೇವದಾಸರು ಕಿಟಕಿಗೆ ಬಂದು ನಿಂತರು. ಅವಳು ಗೇಟಿನವರೆಗೆ ಹೋದಳು, ಅಲ್ಲಿ ನಿಂತಳು, ದುಪಟ್ಟಾ ಬಿಚ್ಚಿ ತಲೆಯ ಸುತ್ತ ತಂದು, ಮೂಗಿನ ಮೇಲಿಂದ ಎಳೆದು, ಕಣ್ಣೊಂದು ಬಿಟ್ಟು ಬಿಗಿಯಾಗಿ ಕಟ್ಟಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ಆಕಾಶದಲ್ಲಿ ಮೋಡವಿತ್ತು. ಬಿಸಿಲು ಇನ್ನೂ ಬಂದಿರಲಿಲ್ಲ.