ಮೇಣ ಹಚ್ಚದ ಕೋವಿ

"ನಿಧಾನ ಸಾರ್, ನೀವೂ ಬಿದ್ದರೆ ಸ್ಮಶಾನದ ವ್ಯಾನಿನಲ್ಲಿ ಜಾಗ ಸಾಲಲ್ಲ" ಎಂದು ಬಡಗಿ ಕೆಳಗಿನಿಂದ ಕೂಗುವಷ್ಟರಲ್ಲಿ, ಸ್ಟೂಲಿನ ಮೇಲೆ ನಿಂತಿದ್ದ ಗುರಿ ಹೊಡೆಯುವವರ ಕ್ಲಬ್ಬಿನ ಕಾರ್ಯದರ್ಶಿ ಗೋಡೆಯ ಮೊಳೆಗಳಿಂದ ಕೋವಿಯನ್ನು ಬಿಡಿಸಿಕೊಂಡಾಗಿತ್ತು. ಅದು ತೂಗುತ್ತಿದ್ದ ಕಡೆ ಗೋಡೆ ಕೋವಿಯ ಆಕಾರದಲ್ಲೇ ಬೆಳ್ಳಗೆ ಉಳಿದಿತ್ತು.

ಪಕ್ಕದ ಕೋಣೆಯಲ್ಲಿ ಕೋವಿ ರಿಪೇರಿಯವನು ಇಸ್ತ್ರಿ ಅಂಗಿ ತೊಟ್ಟು ಮಲಗಿದ್ದ. ಬದುಕಿದ್ದಾಗ ಇಸ್ತ್ರಿಯ ಮುಖ ಕಂಡವನಲ್ಲ. ನಿನ್ನೆ ಬೆಳಿಗ್ಗೆ ಅರ ಹಿಡಿದುಕೊಂಡೇ ಮೇಜಿನ ಮೇಲೆ ತಲೆಯಿಟ್ಟವನು ಸಂಜೆಯವರೆಗೂ ಹಾಗೇ ಇದ್ದ. ಕಿಟಕಿಯಲ್ಲಿ ನೋಡಿದವರೆಲ್ಲ ಕೆಲಸದಲ್ಲಿ ಮುಳುಗಿದ್ದಾನೆ ಅಂದುಕೊಂಡರು. ಇವತ್ತು ಬಂದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ತಮ್ಮ ಕೋವಿ ರೆಡಿಯಾಯಿತೇ ಎಂದು ವಿಚಾರಿಸಲು ಬಂದು, ವಿಷಯ ತಿಳಿದು, ನಾಚಿಕೆಯಿಂದ ಉಳಿದುಕೊಂಡವರು.

ಮಗಳು ಬೆಳಗಿನ ಬಸ್ಸಿಗೆ ಬಂದಿದ್ದಳು, ಇಪ್ಪತ್ತೆರಡು ವರ್ಷದ ಮೇಲೆ. ಅಳು ಬಂದಿರಲಿಲ್ಲ. ಅವಳಿಗೆ ತಿಳಿಯಬೇಕಾಗಿದ್ದು ಒಂದೇ: ಅವತ್ತು ತಾನು ಮನೆ ಬಿಟ್ಟು ಹೊರಟಾಗ ಅಪ್ಪ ಯಾಕೆ ತಿರುಗಿಯೂ ನೋಡಲಿಲ್ಲ? ಉತ್ತರ ಹೇಳಬೇಕಾದವನು ಬಾಯಿ ಮುಚ್ಚಿ ಮಲಗಿದ್ದ. ಬಾಯಿ ತೆರೆಯುವ ಕಾಲದಲ್ಲೂ ಅವನು ಹೆಚ್ಚೇನೂ ತೆರೆದವನಲ್ಲ.

"ತಗೋಮ್ಮ, ಅಂಗಿ ಬದಲಾಯಿಸುವಾಗ ಜೇಬಲ್ಲಿ ಸಿಕ್ತು" ಎಂದು ಎದುರುಮನೆಯ ಹೊಲಿಗೆಯಕ್ಕ ಅವಳ ಕೈಗೆ ಕನ್ನಡಕ, ಪೆನ್ಸಿಲ್ ತುಂಡು, ಬೆರಳಗಲದ ಒಂದು ಕಾಗದದ ಚೀಟಿ ಕೊಟ್ಟಳು.

ಅಂಥ ಚೀಟಿಗಳಿಂದಾಗಿಯೇ ಎಲ್ಲರೂ ಅವನನ್ನು ಚೀಟಿ ಮೇಸ್ತ್ರಿ ಅನ್ನುತ್ತಿದ್ದರು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗಳನ್ನು ನೆಟ್ಟಗೆ ಹೊಡೆಯುವಂತೆ ಮಾಡುವುದು ಅವನ ಕಸುಬು. ಗುಂಡು ಹಾರುವ ಕಬ್ಬಿಣದ ನಳಿಗೆಯ ಬುಡ ಅದರ ಕೆಳಗಿನ ಮರದಲ್ಲಿ ಅಲುಗದಂತೆ ಕೂರಬೇಕು. ಅಲ್ಲಿಂದ ಮುಂದಕ್ಕೆ ಮರ ಅದನ್ನು ಮುಟ್ಟಲೇಬಾರದು. ಮುಟ್ಟಿದರೆ, ಈಡು ಹಾರುವಾಗ ನಳಿಗೆ ಅದುರಿ ಮರಕ್ಕೆ ತಾಗಿ ಗುಂಡು ಎಲ್ಲೋ ಹೋಗುತ್ತದೆ. ಕೆಲಸ ಮುಗಿದ ಮೇಲೆ ನಳಿಗೆಗೂ ಮರಕ್ಕೂ ನಡುವೆ ಚೀಟಿ ತೂರಿಸಿ ಎಳೆಯುತ್ತಿದ್ದ. ಒಂದು ಕಡೆ ಸಿಕ್ಕಿಕೊಂಡರೂ ಮತ್ತೆ ಹೆರೆಯುವುದು, ಮತ್ತೆ ಎಳೆಯುವುದು. ಗಿರಾಕಿ ಕಾದು ಕಾದು ಮುದುಕನಾದರೂ ಸರಿಯೇ.

"ಕ್ಲಬ್ಬಿನ ಪರವಾಗಿ ಒಂದು ಈಡು ಹಾರಿಸೋಣ ಅಂತ" ಎಂದ ಕಾರ್ಯದರ್ಶಿ, ಕೋವಿಯ ಧೂಳು ಒರೆಸುತ್ತ. "ಅವರದ್ದೇ ಕೋವೀಲಿ."

"ಇದರಲ್ಲಾ? ಒಂದು ಈಡು ಹೊಡೆದ್ರೆ ನಳಿಗೆ ಕಳಚಿ ಬಿಸಿನೀರಲ್ಲಿ ತೊಳೀಬೇಕು, ಇಲ್ದಿದ್ರೆ ತುಕ್ಕು ತಿಂದುಬಿಡತ್ತೆ" ಎಂದ ಬಡಗಿ. "ಇದು ಕಳಚಲ್ಲ ಸಾರ್. ಅಂಟಿಕೊಂಡಿದೆ."

"ಚೀಟಿ ಮೇಸ್ತ್ರಿ ಮನೇಲಿ ಅಂಟಿಕೊಂಡ ಕೋವಿನಾ?"

"ಅವನದ್ದೊಂದು ಪದ್ಧತಿ. ಮೊದಲು ಮರದಲ್ಲಿ ಉದ್ದಕ್ಕೂ ಅಂಟು ತುಂಬಿ ನಳಿಗೆ ಒತ್ತಿ ಕೂರಿಸೋದು. ಗಟ್ಟಿಯಾದ ಮೇಲೆ ಕಳಚಿ, ಬುಡದ ಅಂಟು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೆರೆದು ಹಾಕೋದು. ಆದ್ರೆ ಅಂಟು ಹಾಕೋ ಮುಂಚೆ ಕಬ್ಬಿಣಕ್ಕೆ ಮೇಣ ಹಚ್ಚಬೇಕು. ಹಚ್ಚದಿದ್ರೆ ಎರಡೂ ಒಂದೇ ಆಗ್ಹೋಗತ್ತೆ. ನಲವತ್ತು ವರ್ಷದಲ್ಲಿ ಅವನು ಮೇಣ ಮರೆತದ್ದು ಇದೊಂದಕ್ಕೇ."

"ಯಾವಾಗ?" ಎಂದಳು ಮಗಳು.

ಬಡಗಿ ಅವಳ ಮುಖ ನೋಡಲಿಲ್ಲ. "ನಿನಗೆ ಗೊತ್ತಿಲ್ದೆ ಇರತ್ತೇನಮ್ಮ?"

*

ಅವಳಿಗೆ ಆಗ ಹತ್ತೊಂಬತ್ತು. ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಜಡೆ ಹೆಣೆಯಲು ಬಾರದ ಅಪ್ಪ ಅವಳಿಗೆ ಕೋವಿ ಹಿಡಿಯಲು ಕಲಿಸಿದ್ದ. ಉಸಿರು ಅರ್ಧ ಬಿಟ್ಟು ನಿಲ್ಲಿಸುವುದನ್ನು, ಕೋವಿಯ ಕುದುರೆಯನ್ನು ಬೆರಳಲ್ಲಿ ಎಳೆಯದೆ ಹಿಂಡುವುದನ್ನು. ಇಬ್ಬರ ನಡುವೆ ನಡೆದ ಮಾತೆಲ್ಲ ಹೆಚ್ಚುಕಡಿಮೆ ಅಷ್ಟೇ.

ಲಾರಿ ಓಡಿಸುವವನನ್ನು ಮದುವೆಯಾಗುತ್ತೇನೆ ಎಂದು ಊಟದ ಹೊತ್ತಿಗೆ ಹೇಳಿದಳು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪವನ್ನಾದರೂ ಇಡುತ್ತಾರೆ ಜನ. ಅವನು ಕೈ ತೊಳೆದು ಎದ್ದುಹೋದ.

ಮರುದಿನ ಬ್ಯಾಗು ಹಿಡಿದು ಕೆಲಸದ ಕೋಣೆಯ ಬಾಗಿಲಲ್ಲಿ ನಿಂತಳು. "ಅಪ್ಪಾ, ಹೊರಟೆ."

ಅವನು ಬೆನ್ನು ಹಾಕಿಕೊಂಡು ಡಬ್ಬಿಯ ಮುಚ್ಚಳದಲ್ಲಿ ಅಂಟು ಕಲಸುತ್ತಿದ್ದ. "ತಾಳು. ಅಂಟು ಕಲಸಿಬಿಟ್ಟಿದೀನಿ. ಬೇಗ ಗಟ್ಟಿಯಾಗತ್ತೆ."

ಅವಳು ತಾಳಿದಳು. ಹೊರಗೆ ಲಾರಿ ಒಂದು ಸಲ ಹಾರ್ನ್ ಹಾಕಿತು, ಇನ್ನೊಂದು ಸಲ ಹಾಕಿತು. ಅಪ್ಪ ನಳಿಗೆ ಎತ್ತಿ ಮರದಲ್ಲಿ ಕೂರಿಸಿದ. ತಿರುಗಲಿಲ್ಲ.

"ನಿನಗೆ ಅಂಟೇ ಹೆಚ್ಚಾಯ್ತು ಅಲ್ವಾ?" ಎಂದಳು.

ಅವನು ನಳಿಗೆಯನ್ನು ಇನ್ನೂ ಬಲವಾಗಿ ಒತ್ತಿದ, ಅವಳು ಹೋಗಿ ಲಾರಿ ಹತ್ತಿದಳು. ಮುಂದೆ ಒಂದು ಕಾಗದವನ್ನೂ ಬರೆಯಲಿಲ್ಲ. ಹಟದಲ್ಲಿ ಮಗಳು ಅಪ್ಪನಿಗಿಂತ ಒಂದು ಕೈ ಮೇಲೆಯೇ.

*

"ಅವತ್ತು ಸಂಜೆ ನಾನು ಬಂದಾಗ ಇದನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ದ" ಎಂದ ಬಡಗಿ. "'ಮೇಣ ಮರೆತೆ ಕಣೋ' ಅಂದ. ಅಷ್ಟೇ. ಕಾಯಿಸಿದ್ರೆ ಅಂಟು ಬಿಡತ್ತೆ, ಒಂದು ಗಂಟೆ ಕೆಲಸ, ನಾನೇ ಬಿಡಿಸಿಕೊಡ್ತೀನಿ ಅಂತ ಎಷ್ಟು ಸಲ ಹೇಳಿದೆ! ಪ್ರತಿ ಸಲಾನೂ 'ಇರಲಿ ಬಿಡು' ಅಂದ."

ಕಾರ್ಯದರ್ಶಿಗೆ ಕೇಳಿಸಿದ್ದು 'ಒಂದು ಗಂಟೆ' ಎಂಬುದು ಮಾತ್ರ. "ಈಗಿನ್ನೂ ಒಂದೂವರೆ. ವ್ಯಾನು ಬರೋದು ಮೂರಕ್ಕೆ. ಮಗಳಾಗಿ ನೀವು ಹೂಂ ಅನ್ನಿ, ಸ್ಟೌ ಹಚ್ಚಿಸ್ತೀನಿ. ಅವರಿಗೆ ಮರ್ಯಾದೆ ಆಗತ್ತೆ."

"ಇದು ಯಾರ ಕೋವಿ?" ಎಂದಳು ಅವಳು.

"ಹೆಗಲಿಗಿಟ್ಟು ನೋಡು" ಎಂದ ಬಡಗಿ.

ಇಟ್ಟಳು. ಕೋವಿಯ ಹಿಂತುದಿ ಭುಜದ ಗುಳಿಯಲ್ಲಿ ಕೂತಿತು, ಕೆನ್ನೆಗೆ ಮರ ತಾನಾಗಿ ಬಂತು, ಕಣ್ಣು ನೇರ ನಳಿಗೆಯ ತುದಿಯ ಗುರಿಕಡ್ಡಿಯ ಮೇಲೆ ನಿಂತಿತು. ಅಪ್ಪನ ಕೈ ಉದ್ದ. ಈ ಗಿಡ್ಡ ಮರ ಅವನಿಗೆ ಯಾವತ್ತೂ ಆಗುತ್ತಿರಲಿಲ್ಲ.

"ಮರ ಕೊಯ್ದವನು ನಾನು. ಅಳತೆಗೆ ನಿನ್ನ ಹಳೇ ಸ್ವೆಟರ್ ತಂದು ತೋಳು ಹಿಡಿದು ತೋರಿಸಿದ್ದ. ಮಗಳಿಗೆ ಹೇಳಬೇಡ ಅಂದಿದ್ದ. ಹೇಳಲಿಲ್ಲ ನಾನು" ಎಂದು ಬಡಗಿ ಮೂಗು ಒರೆಸಿಕೊಂಡ. "ಹೇಳಬೇಕಿತ್ತೋ ಏನೋ."

ಅವಳು ಕೋವಿಯನ್ನು ಹೆಗಲಿಂದ ಇಳಿಸಿದಳು. ತಿರುಗಿದ್ದರೆ ಅಪ್ಪ ಅತ್ತುಬಿಡುತ್ತಿದ್ದನೋ ಏನೋ, ಅದಕ್ಕೇ ತಿರುಗಲಿಲ್ಲವೇನೋ. ಒಂದು ಬಸ್ಸಿನ ದಾರಿ. ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ತಾನು.

"ಸ್ಟೌ ಹಚ್ಚಿಸಲಾ?" ಎಂದ ಕಾರ್ಯದರ್ಶಿ.

"ಬೇಡ ಸಾರ್."

"ಮತ್ತೆ ಈಡು?"

"ಅದೂ ಬೇಡ. ಇದನ್ನ ಕಾಯಿಸಬೇಡಿ."

ಕಾರ್ಯದರ್ಶಿ ಏನೋ ಹೇಳಹೊರಟ. ಬಡಗಿ ಅವನ ತೋಳು ಹಿಡಿದು ಹೊರಗೆ ಕರೆದೊಯ್ದ.

ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಮೇಜಿನ ಮೇಲೆ ಯಾವನೋ ಗಿರಾಕಿಯ ಕೋವಿ ಇತ್ತು, ಅಪ್ಪನ ಕೊನೆಯ ಕೆಲಸ. ಸಣ್ಣವಳಿದ್ದಾಗ ಮಾಡುತ್ತಿದ್ದಂತೆ ಚೀಟಿಯನ್ನು ಅದರ ನಳಿಗೆಯ ಕೆಳಗೆ ತೂರಿಸಿ ಎಳೆದಳು. ಎಲ್ಲೂ ತಡೆಯದೆ ಬುಡದವರೆಗೂ ಜಾರಿಕೊಂಡು ಹೋಯಿತು. ಆ ಕೋವಿ ರೆಡಿಯಾಗಿತ್ತು. ಹೊರಗಿದ್ದವರಿಗೆ ಹೇಳಬೇಕು.

ಆಮೇಲೆ ತನ್ನ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೂರಕ್ಕೆ ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. "ಬಾಮ್ಮ, ಹೊತ್ತಾಯ್ತು" ಎಂದು ಹೊಲಿಗೆಯಕ್ಕ ಕೂಗಿದಳು.

"ತಾಳಿ" ಎಂದಳು ಅವಳು, ತಿರುಗದೆ.

ಚೀಟಿಯ ಅಂಚನ್ನು ನಳಿಗೆಗೂ ಮರಕ್ಕೂ ನಡುವೆ ಇಟ್ಟು ಒತ್ತಿದಳು. ಹೋಗಲಿಲ್ಲ. ಬೇರೆ ಕಡೆ ಒತ್ತಿದಳು. ಕಾಗದ ಮಡಿಚಿಕೊಂಡಿತು. ಕೋವಿಯನ್ನು ಹೊರಳಿಸಿ ಆ ಮಗ್ಗುಲಲ್ಲಿ, ತುದಿಯಲ್ಲಿ, ಬುಡದಲ್ಲಿ, ಮತ್ತೆ ತುದಿಯಲ್ಲಿ ಒತ್ತುತ್ತಲೇ ಇದ್ದಳು. ಎಲ್ಲೂ ಒಂದು ಎಳೆಯಷ್ಟೂ ಸಂದು ಇರಲಿಲ್ಲ.